ನಗಿಸುವ ಪೊಲೀಸರು, ನಗಲಾರದ ಓದುಗರು

(ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಪತ್ತೇದಾರಿ ಕಾದಂಬರಿಯ ವಿಷಯವಾಗಿ ಜಗಳವಾಡುವವರು ಕಡಿಮೆ. ಓದುತ್ತೇವೆ, ಕೊಲೆಗಾರ ಯಾರೆಂದು ಗೊತ್ತಾಗುತ್ತದೆ, ಪುಸ್ತಕವನ್ನು ಪಕ್ಕದವರಿಗೆ ದಾಟಿಸುತ್ತೇವೆ. ರೈಲಿನಲ್ಲಿ ಓದಿದ್ದನ್ನು ರೈಲಿನಲ್ಲೇ ಬಿಟ್ಟು ಇಳಿಯುವವರೂ ಉಂಟು. ಆದರೆ ಕೆಲವು ಪುಸ್ತಕಗಳು ಅಷ್ಟು ಸುಲಭವಾಗಿ ಕೈಬಿಡುವುದಿಲ್ಲ. ಅವನ್ನು ಓದಿದ ಇಬ್ಬರು ಒಂದು ಕಡೆ ಸೇರಿದರೆ ವಾದ ಶುರುವಾಗುತ್ತದೆ. ಅಂಥ ಒಂದು ಕಾದಂಬರಿಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಓದುಗರ ಬಗ್ಗೆ, ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಾದಂಬರಿ ಸ್ವೀಡನ್ ದೇಶದ್ದು. 1972ರಲ್ಲಿ ಪ್ರಕಟವಾಯಿತು. ಮರುವರ್ಷವೇ ಪಾಲ್ ಬ್ರಿಟನ್ ಆಸ್ಟಿನ್ ಅವರ ಅನುವಾದದಲ್ಲಿ 'ದಿ ಲಾಕ್ಡ್ ರೂಮ್' ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂತು. 'ಮುಚ್ಚಿದ ಕೋಣೆ' ಎಂದು ನಾವು ಕರೆದುಕೊಳ್ಳಬಹುದು. ಬರೆದವರು ಇಬ್ಬರು: ಮಾಯ್ ಶೋವಾಲ್ ಎಂಬ ಮಹಿಳೆ, ಅವರ ಸಂಗಾತಿ ಪೇರ್ ವಾಲೊ. ಕೊಲೆ, ಹೆಣ, ದರೋಡೆ ಎಲ್ಲವೂ ಇರುವ ಈ ಪುಸ್ತಕ ಓದುಗನನ್ನು ಪದೇ ಪದೇ ನಗಿಸುತ್ತದೆ. ನಕ್ಕ ಮೇಲೆ, ಯಾಕಾದರೂ ನಕ್ಕೆನೋ ಎಂಬ ಮುಜುಗರವನ್ನೂ ಉಳಿಸುತ್ತದೆ. ಇದನ್ನೇ ವಿಮರ್ಶಕರು ಕಪ್ಪು ಹಾಸ್ಯ ಎನ್ನುತ್ತಾರೆ.

ಹತ್ತು ಪುಸ್ತಕ, ಒಂದೇ ಕಥೆ

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಶೋವಾಲ್ ಮತ್ತು ವಾಲೊ ಇಬ್ಬರೂ ಪತ್ರಿಕಾ ವ್ಯವಸಾಯದಲ್ಲಿ ಪಳಗಿದವರು, ಎಡಪಂಥೀಯ ವಿಚಾರದವರು. ಮಕ್ಕಳು ಮಲಗಿದ ಮೇಲೆ ರಾತ್ರಿ ಎದುರುಬದುರು ಕೂತು, ಒಂದು ಅಧ್ಯಾಯ ಇವರು, ಮುಂದಿನದು ಅವರು ಎಂಬಂತೆ ಬರೆಯುತ್ತಿದ್ದರು. ಹತ್ತೇ ಪುಸ್ತಕ, ಪ್ರತಿಯೊಂದರಲ್ಲೂ ಮೂವತ್ತು ಅಧ್ಯಾಯ, ಒಟ್ಟು ಮುನ್ನೂರು ಅಧ್ಯಾಯಗಳ ಒಂದೇ ದೊಡ್ಡ ಕಥೆ ಎಂಬುದು ಅವರ ಯೋಜನೆ. ಇಡೀ ಮಾಲೆಗೆ 'ಒಂದು ಅಪರಾಧದ ಕಾದಂಬರಿ' ಎಂದು ಹೆಸರಿಟ್ಟರು. 1965ರಲ್ಲಿ ಮೊದಲ ಪುಸ್ತಕ ಬಂತು, 1975ರಲ್ಲಿ ಹತ್ತನೆಯದು. ಅದೇ ವರ್ಷದ ಜೂನ್‌ನಲ್ಲಿ ವಾಲೊ ತೀರಿಕೊಂಡರು. ಶೋವಾಲ್ 2020ರವರೆಗೆ ಬದುಕಿದ್ದರು.

1965 ಎಂಬ ಇಸವಿಗೆ ಇಲ್ಲಿ ವಿಶೇಷ ಅರ್ಥವಿದೆ. ಅದುವರೆಗೆ ಸ್ವೀಡನ್ನಿನಲ್ಲಿ ಪೊಲೀಸ್ ವ್ಯವಸ್ಥೆ ಆಯಾ ಊರಿನ ಸ್ಥಳೀಯ ಆಡಳಿತದ ಕೈಯಲ್ಲಿತ್ತು. ಆ ವರ್ಷ ಅದನ್ನು ರಾಷ್ಟ್ರೀಕರಣ ಮಾಡಿ ಕೇಂದ್ರದ ಹಿಡಿತಕ್ಕೆ ತರಲಾಯಿತು. ಊರಿನವರಿಗೆ ಮುಖಪರಿಚಯವಿದ್ದ ಪೊಲೀಸಿನವನು ಹೋಗಿ, ಎಲ್ಲೋ ಕೂತು ಆಜ್ಞೆ ಮಾಡುವ ಒಂದು ದೊಡ್ಡ ಇಲಾಖೆ ಬಂತು ಎಂಬುದು ಈ ಲೇಖಕರ ಆಪಾದನೆ. ಹೊರಗಿನ ಜಗತ್ತಿಗೆ ಆಗಿನ ಸ್ವೀಡನ್ ಒಂದು ಮಾದರಿ ರಾಜ್ಯ. ವೃದ್ಧರಿಗೆ ಪಿಂಚಣಿ, ರೋಗಿಗಳಿಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ ಎಲ್ಲವನ್ನೂ ಸರ್ಕಾರವೇ ನೋಡಿಕೊಳ್ಳುವ ನಾಡು. ಆ ಮಾದರಿ ಮನೆಯ ಹಿತ್ತಲಿನಲ್ಲಿ ಏನು ಕೊಳೆಯುತ್ತಿದೆ ಎಂದು ತೋರಿಸಲು ಇವರು ಪತ್ತೇದಾರಿ ಕಾದಂಬರಿಯನ್ನು ಆರಿಸಿಕೊಂಡರು.

ಮಾಲೆಯ ನಾಲ್ಕನೆಯ ಪುಸ್ತಕ, 1968ರ 'ನಗುವ ಪೊಲೀಸ್', ಅವರಿಗೆ ಜಗತ್ತಿನ ಓದುಗರನ್ನು ತಂದುಕೊಟ್ಟಿತು. 1971ರಲ್ಲಿ ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಕೊಡುವ ಎಡ್ಗರ್ ಪ್ರಶಸ್ತಿ ಅದಕ್ಕೆ ದೊರೆಯಿತು. 'ಮುಚ್ಚಿದ ಕೋಣೆ' ಎಂಟನೆಯದು. ಇಡೀ ಮಾಲೆಯಲ್ಲಿ ಹೆಚ್ಚು ನಗಿಸುವುದೂ ಇದೇ, ಹೆಚ್ಚು ಜಗಳ ಹುಟ್ಟಿಸುವುದೂ ಇದೇ.

ಕಥೆ ಏನು?

ಕಥೆಗೆ ಎರಡು ಎಳೆಗಳಿವೆ. ಹಿಂದಿನ ಪುಸ್ತಕದಲ್ಲಿ ಗುಂಡೇಟು ತಿಂದ ಇನ್‌ಸ್ಪೆಕ್ಟರ್ ಮಾರ್ಟಿನ್ ಬೆಕ್ ಸುಮಾರು ಹದಿನೈದು ತಿಂಗಳ ರಜೆಯ ನಂತರ ಕೆಲಸಕ್ಕೆ ಮರಳುತ್ತಾನೆ. ಕೈಗೆ ಕೆಲಸ ಹತ್ತಲಿ ಎಂದು ಸಹೋದ್ಯೋಗಿಗಳು ಅವನಿಗೆ ಒಂದು ಹಳೆಯ ಕಡತ ಕೊಡುತ್ತಾರೆ. ಸ್ವೇರ್ಡ್ ಎಂಬ ನಿವೃತ್ತ ಗೋದಾಮು ನೌಕರ ತನ್ನ ಕೋಣೆಯಲ್ಲಿ ಸತ್ತು ಬಿದ್ದು ಎರಡು ತಿಂಗಳಾಗಿತ್ತು. ವಾಸನೆ ಬಂದ ಮೇಲೆ ಪೊಲೀಸರು ಬಾಗಿಲು ಒಡೆದರು. ಬಾಗಿಲಿಗೆ ಒಳಗಿನಿಂದ ಬೀಗ, ಅಗಳಿ, ಕಿಟಕಿಯೂ ಭದ್ರ. ಆತ್ಮಹತ್ಯೆ ಎಂದು ಬರೆದು ಮುಗಿಸಿದರು. ಶವಪರೀಕ್ಷೆಯಲ್ಲಿ ದೇಹದೊಳಗೆ ಗುಂಡು ಸಿಕ್ಕಿತು. ಗುಂಡು ಹಾರಿಸಿಕೊಂಡಿದ್ದರೆ ಪಿಸ್ತೂಲು ಎಲ್ಲಿ? ಕೋಣೆಯಲ್ಲಿ ಪಿಸ್ತೂಲೇ ಇರಲಿಲ್ಲ. ಇಲ್ಲವೆಂಬುದನ್ನು ಯಾರೂ ಗಮನಿಸಿರಲಿಲ್ಲ, ಏಕೆಂದರೆ ಯಾರೂ ಹುಡುಕಿರಲಿಲ್ಲ. ಈ ಮನೆ ಇರುವುದಾದರೂ ಎಲ್ಲಿ? ಸ್ಟಾಕ್‌ಹೋಮ್ ನಗರದ ಪೊಲೀಸ್ ಕೇಂದ್ರ ಕಚೇರಿ ಇರುವ ಬಡಾವಣೆಯಲ್ಲೇ.

ಎರಡನೆಯ ಎಳೆ ಬ್ಯಾಂಕ್ ದರೋಡೆಯದು. ಮೊನೀಟಾ ಎಂಬ ವಿಚ್ಛೇದಿತೆ, ಒಂದು ಪುಟ್ಟ ಮಗಳ ತಾಯಿ, ಕೆಲಸವಿಲ್ಲದೆ ಬಾಳುವೆ ಬೇಸತ್ತು, ಟೋಪನ್ ಹಾಕಿಕೊಂಡು, ಕಪ್ಪು ಕನ್ನಡಕ ಧರಿಸಿ ಒಂದು ಬ್ಯಾಂಕಿಗೆ ನುಗ್ಗುತ್ತಾಳೆ. ಅಲ್ಲಿದ್ದ ಗಿರಾಕಿಯೊಬ್ಬ, ವ್ಯಾಯಾಮ ಶಿಕ್ಷಕ, ಅವಳನ್ನು ಹಿಡಿಯಲು ಮುಂದೆ ಬರುತ್ತಾನೆ. ಪಿಸ್ತೂಲು ಸಿಡಿಯುತ್ತದೆ, ಅವನು ಸಾಯುತ್ತಾನೆ. ಇದನ್ನು ಓದುಗರಾದ ನಾವು ಆರಂಭದಲ್ಲೇ ಕಾಣುತ್ತೇವೆ. ಆದರೆ ದರೋಡೆ ತನಿಖೆಗೆಂದೇ ಒಂದು ವಿಶೇಷ ದಳವಿದೆ. ಅದರ ಮುಖ್ಯಸ್ಥ ಸರ್ಕಾರಿ ವಕೀಲ ಓಲ್ಸನ್, ಅಡ್ಡಹೆಸರು 'ಬುಲ್ಡೋಜರ್'. ಸದಾ ಉತ್ಸಾಹದ ಚಿಲುಮೆ. ನಗರದಲ್ಲಿ ಯಾವ ಬ್ಯಾಂಕು ಲೂಟಿಯಾದರೂ ಅದು ತನಗೆ ಗೊತ್ತಿರುವ ಇಬ್ಬರು ಪಳಗಿದ ದರೋಡೆಕೋರರ ಕೆಲಸವೇ ಎಂದು ಅವನ ದೃಢ ನಂಬಿಕೆ. ಸಾಕ್ಷ್ಯ ಆಮೇಲೆ ತಾನಾಗಿ ಬಂದು ಸೇರಬೇಕು.

ಬೀಗದ ಗುಟ್ಟೇನು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಓದದವರ ಸುಖ ಕೆಡಿಸಬಾರದು. ಆದರೆ ಓದುಗರ ವಾದ ಅರ್ಥವಾಗಬೇಕಾದರೆ ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನು ಹೇಳಲೇಬೇಕಾಗುತ್ತದೆ. ಅಷ್ಟಕ್ಕೆ ಕ್ಷಮೆ ಇರಲಿ.

ಮೊದಲ ಆಕ್ಷೇಪ: ಪೊಲೀಸರು ಇಷ್ಟು ದಡ್ಡರೇ?

ಈ ಪುಸ್ತಕ ಓದಿದವರಲ್ಲಿ ಹಲವರು ಎತ್ತುವ ಮೊದಲ ಮಾತು ಇದು. ಅವರು ಬೆರಳು ಮಾಡುವುದು ಮುಖ್ಯವಾಗಿ ಒಂದು ದಾಳಿಯ ದೃಶ್ಯದ ಕಡೆಗೆ. ಆ ಇಬ್ಬರು ದರೋಡೆಕೋರರು ಅಡಗಿದ್ದಾರೆಂಬ ಸುಳಿವಿನ ಮೇಲೆ ಪೊಲೀಸರು ಒಂದು ಮನೆಯನ್ನು ಸುತ್ತುವರಿಯುತ್ತಾರೆ. ಯೋಜನೆ, ನಕ್ಷೆ, ಗುಂಡು ನಿರೋಧಕ ಕವಚ, ಅಶ್ರುವಾಯು, ತರಬೇತಾದ ನಾಯಿ, ಯಾವುದಕ್ಕೂ ಕೊರತೆಯಿಲ್ಲ. ಬಾಗಿಲು ಒಡೆಯುವ ಗಳಿಗೆಯಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ತಮ್ಮವನ ಪಿಸ್ತೂಲೇ ತಮ್ಮವರ ನಡುವೆ ಸಿಡಿಯುತ್ತದೆ. ಅಶ್ರುವಾಯು ತಮ್ಮ ಕಣ್ಣನ್ನೇ ಉರಿಸುತ್ತದೆ. ನಾಯಿ ಕಚ್ಚುವುದು ಪೊಲೀಸಿನವನನ್ನೇ. ಇಷ್ಟೆಲ್ಲ ಆಗಿ ನೋಡಿದರೆ ಮನೆ ಖಾಲಿ.

ಇದು ಅತಿಯಾಯಿತು, ಇದು ಪ್ರಹಸನ, ವಾಸ್ತವವನ್ನೇ ಬರೆಯುತ್ತೇವೆಂದು ಹೊರಟವರು ಇಂಥ ಬಯಲಾಟಕ್ಕೆ ಇಳಿಯಬಾರದಿತ್ತು ಎನ್ನುವ ಓದುಗರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಮೊದಲು, ಅಥವಾ ಒಪ್ಪುವ ಮೊದಲು, ಒಂದು ನಿಜ ಘಟನೆಯನ್ನು ಗಮನಿಸಬೇಕು.

ಕಾದಂಬರಿ ಬಂದ ಮರುವರ್ಷ, 1973ರ ಆಗಸ್ಟ್ 23ರಂದು, ಸ್ಟಾಕ್‌ಹೋಮ್‌ನ ನೋರ್‌ಮಾಲ್ಮ್‌ಸ್ಟೋರ್ಗ್ ಚೌಕದ ಬ್ಯಾಂಕೊಂದಕ್ಕೆ ಒಬ್ಬ ಬಂದೂಕುಧಾರಿ ನುಗ್ಗಿದ. ಒಳಬಂದ ಪೊಲೀಸರಲ್ಲಿ ಒಬ್ಬರ ಕೈಗೆ ಗುಂಡು ತಗಲಿತು. ಇನ್ನೊಬ್ಬರನ್ನು ಅವನು ಕುರ್ಚಿಯ ಮೇಲೆ ಕೂರಿಸಿ ಹಾಡು ಹೇಳು ಎಂದ, ಅವರು ಹಾಡಿದರು. ಒಳಗಿರುವವನು ಯಾರು ಎಂಬುದನ್ನು ಪೊಲೀಸರು ತಪ್ಪಾಗಿ ಊಹಿಸಿದರು. ಬೇರೆ ಯಾವನೋ ಪರಾರಿಯಾದ ಕೈದಿಯೆಂದು ತಿಳಿದು, ಆ ಕೈದಿಯ ತಮ್ಮನನ್ನು ಕರೆತಂದು ಸಂಧಾನಕ್ಕೆ ಕಳಿಸಿದರು. ಒಳಗಿದ್ದವನು ಆ ಹುಡುಗನ ಕಡೆಗೂ ಗುಂಡು ಹಾರಿಸಿದ. ಆರು ದಿನ ನಡೆದ ಈ ಪ್ರಕರಣದಿಂದಲೇ ಮನಶ್ಶಾಸ್ತ್ರಕ್ಕೆ 'ಸ್ಟಾಕ್‌ಹೋಮ್ ಸಿಂಡ್ರೋಮ್' ಎಂಬ ಮಾತು ಬಂತು. ಒತ್ತೆಯಾಳುಗಳಲ್ಲಿ ಒಬ್ಬಳು ಆಗಿನ ಪ್ರಧಾನಿ ಓಲೋಫ್ ಪಾಲ್ಮೆ ಅವರೊಡನೆ ದೂರವಾಣಿಯಲ್ಲಿ ಮಾತನಾಡಿದಳು. ತನಗೆ ದರೋಡೆಕೋರನ ಮೇಲೆ ನಂಬಿಕೆಯಿದೆ, ಭಯವಿರುವುದು ಪೊಲೀಸರು ನುಗ್ಗುತ್ತಾರೆಂಬುದರ ಬಗ್ಗೆ ಎಂಬುದು ಅವಳ ಮಾತಿನ ಸಾರ.

ಇದನ್ನು ಶೋವಾಲ್ ಮತ್ತು ವಾಲೊ ಕಾದಂಬರಿಯಲ್ಲಿ ಬರೆದಿದ್ದರೆ ಅದೇ ಓದುಗರು ಅತಿಯಾಯಿತು ಎನ್ನುತ್ತಿದ್ದರಲ್ಲವೆ? ನೆನಪಿಡಿ, 'ಮುಚ್ಚಿದ ಕೋಣೆ' ಈ ಘಟನೆಯನ್ನು ನೋಡಿ ಬರೆದದ್ದಲ್ಲ, ಅದಕ್ಕೂ ಮೊದಲೇ ಬರೆದದ್ದು. ಒಳಗಿರುವವನು ಇಂಥವನೇ ಎಂದು ಮೊದಲೇ ತೀರ್ಮಾನಿಸಿಬಿಡುವ ಚಾಳಿ ಎರಡು ಕಡೆಯೂ ಒಂದೇ.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಈ ಕಾದಂಬರಿ ಪೊಲೀಸರೆಲ್ಲ ದಡ್ಡರೆಂದು ಹೇಳುವುದಿಲ್ಲ. ಮಾರ್ಟಿನ್ ಬೆಕ್ ನಿಧಾನಿ, ಆದರೆ ಬಿಡದೆ ಯೋಚಿಸುವವನು. ಅವನ ಗೆಳೆಯ ಕೊಲ್‌ಬೆರ್ಗ್ ಚುರುಕುಬುದ್ಧಿಯವನು. ಗುನ್‌ವಾಲ್ಡ್ ಲಾರ್ಸನ್ ಒರಟ, ಆದರೆ ಧೈರ್ಯವಂತ, ಪ್ರಾಮಾಣಿಕ. ಬಿಡಿಬಿಡಿಯಾಗಿ ಒಳ್ಳೆಯವರು, ಕೂಡಿಸಿ ಒಂದು ಇಲಾಖೆ ಮಾಡಿದರೆ ನಗೆಪಾಟಲು. ಹಾಸ್ಯದ ಗುರಿ ಮನುಷ್ಯರ ಪೆದ್ದುತನವಲ್ಲ. ಬುದ್ಧಿವಂತರನ್ನೂ ಪೆದ್ದರನ್ನಾಗಿ ಮಾಡುವ ವ್ಯವಸ್ಥೆ ಅದರ ಗುರಿ. ಮುಂದಿನ ಪುಸ್ತಕದಲ್ಲಿ, 1974ರಲ್ಲಿ, ಕೊಲ್‌ಬೆರ್ಗ್ ಪೊಲೀಸ್ ಕೆಲಸಕ್ಕೇ ರಾಜೀನಾಮೆ ಕೊಟ್ಟು ಹೊರನಡೆಯುತ್ತಾನೆ. ಹಾಸ್ಯದ ಲೆಕ್ಕ ಅಲ್ಲಿ ಚುಕ್ತಾ ಆಗುತ್ತದೆ.

ಎರಡನೆಯ ಆಕ್ಷೇಪ: ಸಾವಿನ ಮನೆಯಲ್ಲಿ ನಗೆಯೇ?

ಇನ್ನು ಕೆಲವರ ಅಸಮಾಧಾನ ಬೇರೆ ಥರದ್ದು. ಒಬ್ಬ ಒಂಟಿ ಮುದುಕ ಎರಡು ತಿಂಗಳು ಹುಳ ಹಿಡಿದು ಬಿದ್ದಿದ್ದಾನೆ. ಅದನ್ನು ವರ್ಣಿಸುವ ಪುಟಗಳಲ್ಲಿ ನಗೆ ಬರುವಂತೆ ಬರೆಯುವುದು ಸಭ್ಯತೆಯೇ ಎಂಬುದು ಅವರ ಪ್ರಶ್ನೆ. ಇದು ಹಗುರವಾದ ಪ್ರಶ್ನೆಯಲ್ಲ. ಸಾವಿನ ಮುಂದೆ ನಗಬಾರದೆಂಬುದು ಎಲ್ಲ ನಾಡಿನಲ್ಲೂ ಹಿರಿಯರು ಕಲಿಸುವ ಮೊದಲ ಪಾಠಗಳಲ್ಲೊಂದು.

ಆದರೆ ಆ ಪುಟಗಳನ್ನು ಮತ್ತೆ ತೆರೆದು, ನಗೆ ಬಂದದ್ದು ಎಲ್ಲಿ ಎಂದು ನಿಧಾನವಾಗಿ ಹುಡುಕಿ ನೋಡಿ. ಸ್ವೇರ್ಡ್‌ನ ಹೆಣದ ಮೇಲೆ ಒಂದು ನಗೆಯೂ ಇಲ್ಲ. ಆ ಭಾಗ ಶವಪರೀಕ್ಷೆಯ ವರದಿಯಷ್ಟೇ ಒಣ. ನಗೆ ಇರುವುದು ಕಡತದಲ್ಲಿ, ಪಿಸ್ತೂಲು ಹುಡುಕದೆ ಆತ್ಮಹತ್ಯೆ ಎಂದು ಬರೆದ ಷರಾದಲ್ಲಿ. ಬದುಕಿದ್ದಾಗ ಆ ಮುದುಕ ಯಾರಿಗೂ ಬೇಕಾಗಿರಲಿಲ್ಲ, ಸತ್ತ ಮೇಲೂ ಬೇಕಾಗಲಿಲ್ಲ. ಅವನು ಸತ್ತದ್ದು ಹೇಗೆಂದು ನಿಜವಾಗಿ ತಿಳಿಯಬಯಸಿದವನು ಒಬ್ಬನೇ, ಸಾವಿನ ಬಾಗಿಲು ತಟ್ಟಿ ಬಂದ ಮಾರ್ಟಿನ್ ಬೆಕ್. ಅವನ ತನಿಖೆಯ ಅಧ್ಯಾಯಗಳಲ್ಲಿ ಪ್ರಹಸನವಿಲ್ಲ. ಅಲ್ಲಿರುವುದು ತಾಳ್ಮೆ, ಒಂದು ಬಗೆಯ ಮೌನ. ಒಂದೇ ಪುಸ್ತಕದಲ್ಲಿ ಒಂದು ತನಿಖೆಯನ್ನು ಗದ್ದಲದಿಂದಲೂ ಇನ್ನೊಂದನ್ನು ಮೌನದಿಂದಲೂ ಬರೆದಿರುವುದು ಆಕಸ್ಮಿಕವಲ್ಲ. ಸದ್ದು ಮಾಡುವ ದಳಕ್ಕೆ ಹಣ, ಜನ, ನಾಯಿ ಎಲ್ಲ ಉಂಟು. ಸತ್ಯ ಹುಡುಕುವವನಿಗೆ ಒಂದು ಕಡತ ಮಾತ್ರ.

ಇದರ ಹಿಂದಿನ ಪುಸ್ತಕವನ್ನು ಓದಿದವರಿಗೆ ಈ ನಗೆಯ ಮೂಲ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಮಧುಮೇಹದ ರೋಗಿಯಾದ ಮಹಿಳೆಯೊಬ್ಬಳು ಇನ್ಸುಲಿನ್ ಇಲ್ಲದೆ ಬೀದಿಯಲ್ಲಿ ತೂರಾಡುತ್ತಾಳೆ. ಕುಡಿದಿದ್ದಾಳೆಂದು ಪೊಲೀಸರು ಅವಳನ್ನು ಲಾಕಪ್ಪಿಗೆ ಹಾಕುತ್ತಾರೆ, ಅವಳು ಅಲ್ಲೇ ಸಾಯುತ್ತಾಳೆ. ಅವಳ ಗಂಡನೂ ಒಬ್ಬ ಪೊಲೀಸ್. ಅವನೇ ಮುಂದೆ ಬಂದೂಕು ಹಿಡಿದು ಮಹಡಿ ಹತ್ತುತ್ತಾನೆ. ಅಲ್ಲಿ ಲೇಖಕರು ನಗಿಸಲಿಲ್ಲ. ನಿರ್ಲಕ್ಷ್ಯ ಕೊಲ್ಲುತ್ತದೆ ಎಂಬುದನ್ನು ದುಃಖದ ದನಿಯಲ್ಲಿ ಒಮ್ಮೆ ಹೇಳಿ, ಅದನ್ನೇ ಮರುವರ್ಷ ನಗೆಯ ದನಿಯಲ್ಲಿ ಹೇಳಿದರು. ಎರಡೂ ಒಂದೇ ಗಾಯದಿಂದ ಬಂದ ದನಿ.

ಮೂರನೆಯ ಆಕ್ಷೇಪ: ಭಾಷಣ ಜಾಸ್ತಿ

ಕಥೆ ಓದಲು ಕೂತವನಿಗೆ ರಾಜಕೀಯ ಬೋಧಿಸುತ್ತಾರೆ ಎಂಬ ದೂರು ಈ ಮಾಲೆಯ ಕೊನೆಯ ಪುಸ್ತಕಗಳ ಮೇಲೆ ಸ್ವೀಡನ್ನಿನಲ್ಲೂ ಇತ್ತು, ಹೊರಗೂ ಇತ್ತು. ಈ ದೂರಿನಲ್ಲಿ ಹುರುಳಿದೆ. ಮೊದಲ ಪುಸ್ತಕಗಳಲ್ಲಿ ರಾಜಕೀಯ ಅನ್ನದೊಳಗಿನ ಉಪ್ಪಿನಂತೆ ಕಾಣದೆ ಇತ್ತು. ಬರಬರುತ್ತ ಎಲೆಯ ತುದಿಯಲ್ಲಿ ಬೇರೆಯಾಗಿಯೇ ಬಡಿಸಿಟ್ಟಂತಾಯಿತು. 'ಮುಚ್ಚಿದ ಕೋಣೆ'ಯಲ್ಲೂ ಪಾತ್ರಗಳನ್ನು ಪಕ್ಕಕ್ಕೆ ಸರಿಸಿ ಲೇಖಕರೇ ವೇದಿಕೆಗೆ ಬಂದು ಪೊಲೀಸ್ ಇಲಾಖೆಯನ್ನೂ ಸರ್ಕಾರವನ್ನೂ ತರಾಟೆಗೆ ತೆಗೆದುಕೊಳ್ಳುವ ಭಾಗಗಳಿವೆ. ಐವತ್ತು ವರ್ಷಗಳ ನಂತರ ಓದುವವರಿಗೆ ಆ ಪುಟಗಳು ಹಳೆಯ ಕರಪತ್ರದಂತೆ ಕಾಣುತ್ತವೆ.

ಆದರೆ ನಾಯಿ ಪೊಲೀಸಿನವನನ್ನು ಕಚ್ಚುವ ಪುಟ ಹಳತಾಗಿಲ್ಲ. ಇಲ್ಲದ ಪಿಸ್ತೂಲನ್ನು ಯಾರೂ ಹುಡುಕದೆ ಹೋದ ಪುಟ ಹಳತಾಗಿಲ್ಲ. ಅಂದರೆ ಭಾಷಣ ಹೇಳಲು ಹೊರಟದ್ದನ್ನು ಹಾಸ್ಯ ಆಗಲೇ ಹೇಳಿ ಮುಗಿಸಿತ್ತು. ಭಾಷಣವನ್ನು ಒಪ್ಪಬೇಕಾದರೆ ಓದುಗ ಲೇಖಕರ ಪಕ್ಷಕ್ಕೆ ಸೇರಬೇಕು. ನಗಲು ಯಾವ ಪಕ್ಷದ ಸದಸ್ಯತ್ವವೂ ಬೇಡ. ಲೇಖಕರ ಸಮಾಜವಾದವನ್ನು ಒಪ್ಪದವರೂ ಬುಲ್ಡೋಜರ್ ಓಲ್ಸನ್‌ನನ್ನು ಕಂಡು ನಗುತ್ತಾರೆ, ಏಕೆಂದರೆ ಅಂಥ ಒಬ್ಬ ಮೇಲಧಿಕಾರಿ ಎಲ್ಲರ ಕಚೇರಿಯಲ್ಲೂ ಇರುತ್ತಾನೆ.

ನಾಲ್ಕನೆಯ ಆಕ್ಷೇಪ: ಇದೆಂಥ ನ್ಯಾಯ?

ಇದು ಎಲ್ಲಕ್ಕಿಂತ ಗಂಭೀರವಾದ ವಾದ. ಮೌರಿಟ್ಸನ್ ಎಂಬ ಪುಡಿ ಅಪರಾಧಿಯೊಬ್ಬ ಕಥೆಯಲ್ಲಿ ಬರುತ್ತಾನೆ. ಮುದುಕ ಸ್ವೇರ್ಡ್‌ನನ್ನು ಕೊಂದವನು ಅವನೇ ಎಂಬುದನ್ನು ಮಾರ್ಟಿನ್ ಬೆಕ್ ಬಿಡಿಸಿ ತೋರಿಸುತ್ತಾನೆ. ಇತ್ತ ಬುಲ್ಡೋಜರ್ ಓಲ್ಸನ್, ಬ್ಯಾಂಕಿನ ದರೋಡೆಯನ್ನೂ ಅಲ್ಲಿಯ ಕೊಲೆಯನ್ನೂ ಇದೇ ಮೌರಿಟ್ಸನ್ ಮಾಡಿದನೆಂದು ಸಾಧಿಸಲು ಹೊರಡುತ್ತಾನೆ. ನ್ಯಾಯಾಲಯ ಏನು ಮಾಡುತ್ತದೆ? ಅವನು ಮಾಡಿದ ಕೊಲೆಯಿಂದ ಅವನನ್ನು ಬಿಡುಗಡೆ ಮಾಡುತ್ತದೆ, ಮಾಡದ ಕೊಲೆಗೆ ಜೀವಾವಧಿ ಶಿಕ್ಷೆ ವಿಧಿಸುತ್ತದೆ. ನಿಜವಾಗಿ ಬ್ಯಾಂಕಿಗೆ ನುಗ್ಗಿದ ಮೊನೀಟಾ ಮಗಳೊಂದಿಗೆ ದೇಶ ಬಿಟ್ಟು ಹೋಗುತ್ತಾಳೆ. ಬೀಗದ ಗುಟ್ಟು ಬಿಡಿಸಿದ ಮಾರ್ಟಿನ್ ಬೆಕ್‌ನ ತರ್ಕವನ್ನು ಮೇಲಧಿಕಾರಿಗಳು ಕಟ್ಟುಕಥೆಯೆಂದು ಬಗೆಯುತ್ತಾರೆ. ಪಾಪ, ಇವನಿಗಿನ್ನೂ ಮನಸ್ಸು ಸ್ಥಿಮಿತಕ್ಕೆ ಬಂದಿಲ್ಲ ಎಂದು ಬಡ್ತಿಯನ್ನೂ ತಡೆಯುತ್ತಾರೆ. ಬಡ್ತಿ ಬೇಡವಾಗಿದ್ದ ಅವನಿಗೆ ಅದೇ ದೊಡ್ಡ ಸಮಾಧಾನ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಓದುಗರು ಇಲ್ಲಿ ಎರಡು ಬಣಗಳಾಗುತ್ತಾರೆ. ಹೇಗಿದ್ದರೂ ಕೊಲೆಗಾರ ಜೈಲಿನಲ್ಲಿದ್ದಾನೆ, ನೊಂದ ತಾಯಿ ಪಾರಾದಳು, ಒಟ್ಟು ಲೆಕ್ಕ ಸರಿಹೋಯಿತು ಎಂದು ಸಂತೋಷಪಡುವವರು ಒಂದು ಕಡೆ. ಇದು ನ್ಯಾಯದ ಅಣಕ, ಪತ್ತೇದಾರಿ ಕಾದಂಬರಿ ಓದುಗನಿಗೆ ಕೊಟ್ಟ ಮಾತಿಗೆ ತಪ್ಪಿತು ಎಂದು ಸಿಟ್ಟಾಗುವವರು ಇನ್ನೊಂದು ಕಡೆ.

ಎರಡು ಬಣದವರಿಗೂ ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ. ಆ ವ್ಯಾಯಾಮ ಶಿಕ್ಷಕ ಎಲ್ಲಿ ಹೋದ? ಬ್ಯಾಂಕಿನಲ್ಲಿ ಗುಂಡೇಟಿಗೆ ಸತ್ತವನು ಅವನು. ಅವನು ಮಾಡಿದ ತಪ್ಪೆಂದರೆ ದರೋಡೆ ತಡೆಯಲು ಒಂದು ಹೆಜ್ಜೆ ಮುಂದೆ ಇಟ್ಟದ್ದು. ಪುಸ್ತಕದ ಕೊನೆಗೆ ಬರುವ ಹೊತ್ತಿಗೆ ಪೊಲೀಸರು ಅವನನ್ನು ಮರೆತಿದ್ದಾರೆ. ಬುಲ್ಡೋಜರ್ ಓಲ್ಸನ್‌ಗೆ ಅವನು ಆರೋಪಪಟ್ಟಿಯ ಒಂದು ಸಾಲು. ಮೊನೀಟಾ ಪಾರಾಗಲಿ ಎಂದು ಹಾರೈಸುತ್ತ ಪುಟ ತಿರುವಿದ ನಾವೂ ಅವನನ್ನು ಮರೆತಿದ್ದೇವೆ. ಸ್ವೇರ್ಡ್‌ನ ಸಾವನ್ನು ಆತ್ಮಹತ್ಯೆ ಎಂದು ಬರೆದು ಕೈತೊಳೆದುಕೊಂಡ ಪೊಲೀಸಿನವನನ್ನು ಕಂಡು ನಕ್ಕೆವಲ್ಲ, ನಾವು ಮಾಡಿದ್ದೂ ಅದನ್ನೇ. ನಮಗೆ ಒಗ್ಗುವ ಕಥೆ ಸಿಕ್ಕಿತು, ಹೆಣದ ಕಡೆ ನೋಡುವುದನ್ನು ಬಿಟ್ಟೆವು. ಇದು ಹೊಳೆದ ಕ್ಷಣದಲ್ಲಿ ನಗು ಗಂಟಲಲ್ಲಿ ನಿಲ್ಲುತ್ತದೆ. ಕಪ್ಪು ಹಾಸ್ಯದ ಕಪ್ಪು ಇರುವುದು ಇಲ್ಲಿ ಎಂದು ನನಗನಿಸುತ್ತದೆ. ಅದು ಪಾತ್ರಗಳನ್ನು ನಗೆಗೀಡು ಮಾಡಿ ಸುಮ್ಮನಾಗುವುದಿಲ್ಲ. ನಕ್ಕವನನ್ನೂ ಅದೇ ಸಾಲಿನಲ್ಲಿ ತಂದು ನಿಲ್ಲಿಸುತ್ತದೆ.

1986ರ ನಂತರದ ಓದು

ಒಂದು ಪುಸ್ತಕ ಬದಲಾಗುವುದಿಲ್ಲ, ಅದನ್ನು ಓದುವ ಕಾಲ ಬದಲಾಗುತ್ತದೆ. ಈ ಪುಸ್ತಕಗಳ ವಿಷಯದಲ್ಲಿ ಆ ಬದಲಾವಣೆಗೆ ಒಂದು ದಿನಾಂಕವನ್ನೇ ಹೇಳಬಹುದು: 1986ರ ಫೆಬ್ರವರಿ 28. ಅಂದು ರಾತ್ರಿ ಪ್ರಧಾನಿ ಓಲೋಫ್ ಪಾಲ್ಮೆ ಹೆಂಡತಿಯೊಡನೆ ಸಿನಿಮಾ ನೋಡಿ ನಡೆದುಕೊಂಡು ಮನೆಗೆ ಹೋಗುತ್ತಿದ್ದರು. ಅಂಗರಕ್ಷಕರನ್ನು ಅವರೇ ಅಂದು ಕಳಿಸಿಬಿಟ್ಟಿದ್ದರು. ಸ್ಟಾಕ್‌ಹೋಮ್‌ನ ನಡುಬೀದಿಯಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಮುಂದಿನದು ಸ್ವೀಡನ್ನಿನ ಪೊಲೀಸ್ ಚರಿತ್ರೆಯ ನೋವಿನ ಅಧ್ಯಾಯ. ಕೊಲೆ ನಡೆದ ಜಾಗಕ್ಕೆ ಪೊಲೀಸರು ಕಟ್ಟಿದ ಬೇಲಿ ತೀರಾ ಕಿರಿದಾಗಿತ್ತು. ಹಾರಿದ ಎರಡು ಗುಂಡುಗಳೂ ಸಿಕ್ಕಿದ್ದು ಪೊಲೀಸರಿಗಲ್ಲ, ಸಾರ್ವಜನಿಕರಿಗೆ. ತನಿಖೆಯ ಮುಖ್ಯಸ್ಥರು ಕುರ್ದಿಷ್ ಸಂಘಟನೆಯೊಂದರ ಮೇಲಿನ ಒಂದೇ ಶಂಕೆಯ ಬೆನ್ನುಹತ್ತಿ ತಿಂಗಳುಗಟ್ಟಲೆ ಕಳೆದು, ಏನೂ ಗಿಟ್ಟದೆ 1987ರಲ್ಲಿ ಹುದ್ದೆ ಬಿಟ್ಟರು. 1989ರಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು. ಅದೇ ವರ್ಷ ಮೇಲಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಮೂವತ್ತನಾಲ್ಕು ವರ್ಷಗಳ ನಂತರ, 2020ರ ಜೂನ್ 10ರಂದು, ಸರ್ಕಾರಿ ವಕೀಲರು ಸತ್ತುಹೋಗಿದ್ದ ಒಬ್ಬ ವ್ಯಕ್ತಿಯ ಕಡೆ ಬೆರಳು ತೋರಿಸಿ ತನಿಖೆಯನ್ನು ಮುಚ್ಚಿದರು. ಮಾಯ್ ಶೋವಾಲ್ ತೀರಿಕೊಂಡು ಆಗ್ಗೆ ಆರು ವಾರಗಳಾಗಿದ್ದವು.

ಇಷ್ಟನ್ನು ಕೇಳಿದಾಗ ನಿಮ್ಮ ಮನಸ್ಸಿಗೆ ಬಂದದ್ದೇ ಸ್ವೀಡನ್ನಿನ ಓದುಗರ ಮನಸ್ಸಿಗೂ ಬಂತು. ಹುಡುಕದೆ ಬಿಟ್ಟ ಪಿಸ್ತೂಲು, ಮೊದಲೇ ಆರಿಸಿಕೊಂಡ ಅಪರಾಧಿ, ಹಿಡಿದ ಪಟ್ಟು ಬಿಡದ ಬುಲ್ಡೋಜರ್. ಮಾಲೆಯ ಕೊನೆಯ ಪುಸ್ತಕದಲ್ಲಂತೂ, 1975ರಲ್ಲೇ, ಸ್ವೀಡನ್ನಿನ ಪ್ರಧಾನಿಯೊಬ್ಬರು ಗುಂಡಿಗೆ ಬಲಿಯಾಗುತ್ತಾರೆ. ಇಡೀ ಪೊಲೀಸ್ ಪಡೆ ವಿದೇಶಿ ಅತಿಥಿಯೊಬ್ಬನನ್ನು ಕಾಯುತ್ತಿರುವಾಗ, ಯಾರ ಗಮನಕ್ಕೂ ಬಾರದ ಒಬ್ಬ ಹದಿಹರೆಯದ ಹುಡುಗಿ ಆ ಕೆಲಸ ಮಾಡುತ್ತಾಳೆ. ಲೇಖಕರನ್ನು ಭವಿಷ್ಯ ನುಡಿದವರೆಂದು ಹೊಗಳುವ ಓದುಗರು 1986ರ ನಂತರ ಹುಟ್ಟಿಕೊಂಡರು.

ಈ ಹೊಗಳಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಕಾದಂಬರಿಕಾರರು ಜ್ಯೋತಿಷಿಗಳಲ್ಲ. ಕಥೆಯ ಹುಡುಗಿಗೂ ಪಾಲ್ಮೆ ಅವರ ಹತ್ಯೆಗೂ ಸಂಬಂಧವಿಲ್ಲ. ಇಬ್ಬರು ಲೇಖಕರು ಕಂಡದ್ದು ಮುಂದಾಗುವುದನ್ನಲ್ಲ, ಕಣ್ಣೆದುರಿಗೇ ಇದ್ದ ಒಂದು ಅಭ್ಯಾಸವನ್ನು. ದೊಡ್ಡ ಇಲಾಖೆ ತಾನು ನೋಡಬಯಸಿದ್ದನ್ನೇ ನೋಡುತ್ತದೆ ಎಂಬ ಅಭ್ಯಾಸ ಅದು. ಒಬ್ಬ ಮುದುಕನ ಸಾವಿನಲ್ಲಿ ಅದನ್ನು ಕಂಡಾಗ ಓದುಗರು ನಕ್ಕರು. ಪ್ರಧಾನಿಯ ಸಾವಿನಲ್ಲಿ ಅದೇ ಕಂಡಾಗ ನಗಲಾಗಲಿಲ್ಲ. ಅಭ್ಯಾಸ ಒಂದೇ, ಸತ್ತವನ ಸ್ಥಾನಮಾನ ಬೇರೆ. ಸಣ್ಣವನ ಸಾವಿನಲ್ಲಿ ನಗಬಹುದಾದರೆ ದೊಡ್ಡವನ ಸಾವಿನಲ್ಲಿ ಯಾಕೆ ನಗಬಾರದು ಎಂಬ ಇರಿಯುವ ಪ್ರಶ್ನೆಯನ್ನು ಈ ಪುಸ್ತಕ ಹೀಗೆ ಎರಡನೆಯ ಸಲ ಕೇಳಿತು. ಮೊದಲ ಸಲ ಕೇಳಿದಾಗ ಅದು ಹಾಸ್ಯವಾಗಿತ್ತು.

ನಗು ಏನನ್ನು ಅಳೆಯುತ್ತದೆ?

ಹಾಗಾದರೆ ಓದುಗರ ಈ ನಾನಾ ಅಭಿಪ್ರಾಯಗಳಿಂದ ನಾವು ತಿಳಿಯಬೇಕಾದದ್ದೇನು? ಪೊಲೀಸರ ಬಗೆಗಿನ ಕಪ್ಪು ಹಾಸ್ಯ ಹುಟ್ಟಬೇಕಾದರೆ ಓದುಗನಲ್ಲಿ ಮೊದಲು ಒಂದು ನಿರೀಕ್ಷೆ ಇರಬೇಕು. ಬಾಗಿಲು ಒಡೆದು ಒಳಬಂದ ಪೊಲೀಸ್ ಪಿಸ್ತೂಲು ಹುಡುಕುತ್ತಾನೆ, ನ್ಯಾಯಾಲಯ ತಪ್ಪಿತಸ್ಥನನ್ನೇ ಶಿಕ್ಷಿಸುತ್ತದೆ ಎಂಬ ನಂಬಿಕೆ ಇರಬೇಕು. ಆ ನಂಬಿಕೆಗೂ ನಡೆದದ್ದಕ್ಕೂ ನಡುವಿನ ಅಂತರವೇ ನಗು. 1972ರ ಸ್ವೀಡನ್ನಿನ ಓದುಗನಲ್ಲಿ ಆ ನಂಬಿಕೆ ಗಟ್ಟಿಯಾಗಿತ್ತು. ಆದ್ದರಿಂದಲೇ ಒಬ್ಬ ನಕ್ಕ, ಇನ್ನೊಬ್ಬ ಸಿಟ್ಟಾದ. ಇಬ್ಬರೂ ನಂಬಿದವರೇ.

ನಂಬಿಕೆಯೇ ಇಲ್ಲದವನಿಗೆ ಇದರಲ್ಲಿ ನಗಲು ಏನೂ ಇಲ್ಲ. ಅವನು ತಲೆಯಾಡಿಸಿ, ಇನ್ನೇನು ಮತ್ತೆ, ಹೀಗೇ ಅಲ್ಲವೆ ಎನ್ನುತ್ತಾನೆ. ನಮ್ಮಲ್ಲಿ ಇದನ್ನು ಇಂಗ್ಲಿಷಿನಲ್ಲಿ ಓದಿದ ಕೆಲವರೂ ಹೀಗೆ ಹೇಳುವುದನ್ನು ಕೇಳಿದ್ದೇನೆ: ಇದರಲ್ಲಿ ವಿಶೇಷವೇನಿದೆ, ಎಲ್ಲೆಲ್ಲೂ ಇರುವುದೇ! ಮೇಲ್ನೋಟಕ್ಕೆ ಇದು ಅನುಭವಿಗಳ ಮಾತು. ಆದರೆ ನಾನು ಹೆಚ್ಚು ಹೆದರುವುದು ಈ ಅಭಿಪ್ರಾಯಕ್ಕೆ. ಪೊಲೀಸರು ಇಷ್ಟು ದಡ್ಡರಿರಲಾರರು ಎಂದು ವಾದಿಸುವ ಓದುಗ ಇನ್ನೂ ಒಳ್ಳೆಯ ಪೊಲೀಸನ್ನು ಬಯಸುತ್ತಿದ್ದಾನೆ. ಕೊನೆಯ ತೀರ್ಪು ಅನ್ಯಾಯ ಎಂದು ಕೂಗುವವನು ಇನ್ನೂ ನ್ಯಾಯವನ್ನು ಬಯಸುತ್ತಿದ್ದಾನೆ. ಏನೂ ಅನ್ನಿಸದೆ ಪುಟ ಮುಗುಚಿದವನು ಎರಡನ್ನೂ ಬಿಟ್ಟುಕೊಟ್ಟಿದ್ದಾನೆ.

ಶೋವಾಲ್ ಮತ್ತು ವಾಲೊ ಹಾಕಿದ ದಾರಿಯಲ್ಲಿ ಆಮೇಲೆ ಬಹಳ ಮಂದಿ ನಡೆದರು. 1991ರಲ್ಲಿ ತಮ್ಮ ಮೊದಲ ವಾಲಾಂಡರ್ ಕಾದಂಬರಿ ಬರೆದ ಹೆನ್ನಿಂಗ್ ಮಾಂಕೆಲ್ ಅವರಿಂದ ಹಿಡಿದು ಉತ್ತರ ಯುರೋಪಿನ ಅನೇಕ ಲೇಖಕರು ಇವರ ಋಣದಲ್ಲಿದ್ದಾರೆ. ಆ ಹೊಸಬರಲ್ಲಿ ಹಲವರು ಹಿಮವನ್ನೂ ಕತ್ತಲನ್ನೂ ಒಂಟಿ ಪೊಲೀಸಿನವನ ವಿಷಾದವನ್ನೂ ತೆಗೆದುಕೊಂಡರು. ನಗೆಯನ್ನು ತೆಗೆದುಕೊಂಡವರು ಕಡಿಮೆ. ವಿಷಾದ ಬರೆಯುವುದು ಸುಲಭ, ಅದು ಓದುಗನನ್ನು ಸಮಾಧಾನಪಡಿಸುತ್ತದೆ. ನಗೆ ಹಾಗಲ್ಲ, ಅದು ಅವನನ್ನು ಕೆಣಕುತ್ತದೆ, ಪಕ್ಕದವನೊಡನೆ ವಾದಕ್ಕೆ ಇಳಿಸುತ್ತದೆ.

ಆದ್ದರಿಂದ ಈ ಪುಸ್ತಕವನ್ನು ಓದಿದವರು ಒಮ್ಮತಕ್ಕೆ ಬರಲಿಲ್ಲ ಎಂದು ಬೇಸರಪಡಬೇಕಾಗಿಲ್ಲ. ನೀವೂ ಓದಿ, ಓದಿ ಜಗಳವಾಡಿ. ಯಾವ ಪುಟದಲ್ಲಿ ನಕ್ಕಿರಿ, ಯಾವ ಪುಟದಲ್ಲಿ ನಗು ನಿಂತಿತು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಪುಸ್ತಕ ಮುಚ್ಚುವ ಮೊದಲು ಒಂದು ನಿಮಿಷ ಹಿಂದಕ್ಕೆ ಹೋಗಿ, ಬ್ಯಾಂಕಿನ ನೆಲದ ಮೇಲೆ ಬಿದ್ದಿರುವ ಆ ವ್ಯಾಯಾಮ ಶಿಕ್ಷಕನನ್ನು ನೋಡಿ ಬನ್ನಿ. ಅವನ ಪರವಾಗಿ ಕೇಳಲು ಆ ಕಾದಂಬರಿಯೊಳಗೆ ಯಾರೂ ಇಲ್ಲ. ಕೇಳಬೇಕಾದವರು ಹೊರಗೆ ಕೂತು ಓದುತ್ತಿರುವ ನಾವು.